ಅಕ್ಕತಂಗೇರ ಹುಣಸೆ

ಸುರಗಿಹಾಳದವರ ಮುಂದೆ ಯಾರಾದರೂ "ನಮ್ಮೂರಲ್ಲೂ ಒಂದು ದೊಡ್ಡ ಮರ ಇದೆ" ಅಂತ ಬಾಯಿ ತೆಗೆದರೆ ಸಿಗುವ ಉತ್ತರ ಒಂದೇ: "ಹೌದಾ? ಹಂಗಾರ ಅದನ್ನ ಹೊತ್ಕೊಂಡ್ ಬರ್ರಿ, ನಮ್ಮ ಮರದ ನೆರಳಾಗ ನಿಲ್ಲಿಸಿ ಅಳಿಯೋಣು."

ಈ ಜಂಬ ಸುಮ್ಮನೆ ಬಂದದ್ದಲ್ಲ. ವಿಜಯಪುರ ಸೀಮೆಯ ಎರೆಮಣ್ಣಿನ ಬಯಲು. ಜಾಲಿ, ಬೇವು ಬಿಟ್ಟರೆ ಕಣ್ಣಿಗೆ ಬೇರೆ ಮರ ಬೀಳದ ಕಡೆ. ಅಲ್ಲಿ ಊರ ನಟ್ಟನಡುವೆ ಆನೆಗಳು ಮೈಗೆ ಮೈ ಒತ್ತಿ ನಿಂತ ಹಾಗೆ ನಿಂತಿದೆ ಒಂದು ಆನೆಹುಣಸೆ. ಹುಣಸೆ ಅನ್ನುವುದು ಹೆಸರಿಗೆ ಮಾತ್ರ. ಹುಣಸೆಗೂ ಇದಕ್ಕೂ ಯಾವ ನಂಟೂ ಇಲ್ಲ, ಇದು ಆಫ್ರಿಕದ ಬಾವೊಬಾಬ್. ಬಾದಶಹರ ಕಾಲದಲ್ಲಿ ಆಫ್ರಿಕದಿಂದ ಬಂದ ಹಬಸಿ ಸಿಪಾಯಿಯೊಬ್ಬನ ಚೀಲದೊಳಗೆ ಬೀಜವಾಗಿ ಬಂತು ಅಂತ ಕೆಲವರು ಹೇಳುತ್ತಾರೆ, ಅದಕ್ಕೂ ಹಿಂದಿನದು ಅಂತ ಇನ್ನು ಕೆಲವರು. ವಿಜ್ಞಾನಿಗಳು ಎದೆಮಟ್ಟದಲ್ಲಿ ಟೇಪು ಸುತ್ತಿ, ಲೇಸರ್ ಹಾಯಿಸಿ, ಸುತ್ತಳತೆ ಹದಿನೈದು ಮೀಟರಿಗೂ ಮಿಕ್ಕಿ ಅಂತ ಬರೆದುಕೊಂಡರು. ಊರವರ ಅಳತೆ ಮಾರು. ಎರಡೂ ಕೈ ಚಾಚಿ ಮರವನ್ನು ಅಪ್ಪಿದರೆ ಒಂದು ಮಾರು. ಒಂಬತ್ತು ಮಂದಿ ಕೈಗೆ ಕೈ ಕೂಡಿಸಿದರೆ ಸುತ್ತು ಮುಗಿಯುತ್ತದೆ. ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಅದರ ಟೊಂಗೆಗೆ ಜೋಕಾಲಿ ಕಟ್ಟಿ ಜೀಕುತ್ತಾರಲ್ಲ, ಅದಕ್ಕೇ ಅದು ಅಕ್ಕತಂಗೇರ ಹುಣಸೆ. ಹಾಗಂತ ಎಲ್ಲರೂ ತಿಳಿದಿದ್ದರು. ನೀಲಾಂಬಿಕಾ ಹೂಗಾರಳೂ ಹಾಗೇ ತಿಳಿದಿದ್ದಳು.

ಇಂಥ ಊರಿನ ಮಗಳು, ಈ ಮರದ ಬುಡದಲ್ಲೇ ಬಿದ್ದು ಎದ್ದು ಬೆಳೆದವಳು, ಅದಕ್ಕೆ ತನ್ನ ಕೈಯಾರೆ ಮರಣದಂಡನೆ ಬರೆಯುವ ಹೊತ್ತು ಬಂತು. ಬಂದದ್ದಾದರೂ ಹೇಗೆ? ಅವಳೇ ಕಟ್ಟಿದ ಯಂತ್ರದಿಂದ.

ಆ ಯಂತ್ರದ ಹೆಸರು ಕಾಂಡದರ್ಶಿ. ಮರವನ್ನು ಕೊಯ್ಯದೆ, ಕೊರೆಯದೆ, ಅದರ ಹೊಟ್ಟೆಯೊಳಗನ್ನು ತೋರಿಸುವ ಯಂತ್ರ. ಗುಟ್ಟು ಸರಳ. ಆಕಾಶದಿಂದ ಮ್ಯೂಆನ್ ಅನ್ನುವ ಕಣಗಳು ಹಗಲಿರುಳೂ ಸುರಿಯುತ್ತಲೇ ಇರುತ್ತವೆ. ನೀವು ಅಂಗೈ ಚಾಚಿ ಕೂತರೆ ಕ್ಷಣಕ್ಕೆ ಒಂದೆರಡು ಕಣ ಅದರೊಳಗಿಂದ ತೂರಿಹೋಗುತ್ತವೆ. ನಿಮಗೆ ಗೊತ್ತೂ ಆಗುವುದಿಲ್ಲ. ಮರದೊಳಗಿಂದಲೂ ಹಾಗೇ. ಗಟ್ಟಿ ಕಟ್ಟಿಗೆ ಇದ್ದಲ್ಲಿ ಕೆಲವು ಅಲ್ಲೇ ನಿಂತುಬಿಡುತ್ತವೆ, ಟೊಳ್ಳಿದ್ದಲ್ಲಿ ಸರಾಗವಾಗಿ ದಾಟುತ್ತವೆ. ಮರದ ಸುತ್ತ ಬಾಗಿಲಗಲದ ಫಲಕಗಳನ್ನು ನಿಲ್ಲಿಸಿ, ಕೆಲವು ವಾರ ಆ ಕಣಗಳ ಲೆಕ್ಕ ಹಿಡಿದರೆ, ಎಲ್ಲಿ ಗಟ್ಟಿ ಎಲ್ಲಿ ಟೊಳ್ಳು ಅಂತ ಚಿತ್ರ ಬರುತ್ತದೆ. ಹೇಳುವುದಕ್ಕೆ ಇಷ್ಟೇ, ಮಾಡುವುದಕ್ಕೆ ನೀಲಾಳ ತಲೆಗೂದಲು ಅರ್ಧ ಬೆಳ್ಳಗಾಯಿತು.

ಆ ಕಾಲಕ್ಕೆ ಗಾಳಿಯ ಸ್ವಭಾವವೇ ಕೆಟ್ಟಿತ್ತು. ಮುಂಗಾರಿನ ಮೊದಲ ಬಿರುಗಾಳಿಗೆ ನೂರಾರು ವರ್ಷ ಅಲುಗದೆ ನಿಂತ ಮರಗಳು ಮನೆಗಳ ಮೇಲೆ ಉರುಳುತ್ತಿದ್ದವು. ಹೆದರಿದ ಜನ ಕಂಡ ಕಂಡ ಹಳೇ ಮರಗಳಿಗೆಲ್ಲ ಗರಗಸ ಹಾಕತೊಡಗಿದಾಗ ಕಾಂಡದರ್ಶಿ ಬಂತು. ದೇಶದಲ್ಲಿ ಹಿರಿಮರ ಮಂಡಳಿ ಅಂತ ಒಂದು ಹುಟ್ಟಿಕೊಂಡಿತು. ದೊಡ್ಡ ಮರ ಯಾವುದೇ ಇರಲಿ, ಕಾಂಡದರ್ಶಿ ಅದಕ್ಕೆ ನೂರಕ್ಕೆ ಇಷ್ಟು ಅಂತ ಗಟ್ಟಿಯಂಕ ಕೊಡಬೇಕು. ಮೂವತ್ತಕ್ಕಿಂತ ಕೆಳಗಿಳಿದರೆ ಮಳೆಗಾಲಕ್ಕೆ ಮೊದಲೇ ಕಡಿಯಬೇಕು, ಮೇಲಿದ್ದರೆ ಯಾರೂ ಮುಟ್ಟುವಂತಿಲ್ಲ. ಎಷ್ಟೋ ಮರಗಳು ಅದರಿಂದ ಉಳಿದವು, ಎಷ್ಟೋ ಮನೆಗಳೂ ಉಳಿದವು. ಅದರ ಮಾತು ಸುಳ್ಳಾದದ್ದನ್ನು ಆ ತನಕ ಯಾರೂ ಕಂಡಿರಲಿಲ್ಲ. ಹೂಗಾರರ ಮನೆಯ ಹುಡುಗಿ, ಗುಡಿಗೆ ಹೂ ಪತ್ರಿ ಕೊಡುವವರ ಮಗಳು, ಇಡೀ ದೇಶದ ಮರಗಳ ನಾಡಿ ಹಿಡಿದಳಲ್ಲ ಅಂತ ಸುರಗಿಹಾಳ ಬೀಗಿತ್ತು.

ಧಾರವಾಡದ ಪ್ರಯೋಗಾಲಯದಲ್ಲಿ ಪರದೆಯ ಮೇಲೆ ಸುರಗಿಹಾಳದ ಮರದ ಚಿತ್ರ ಮೂಡಿದಾಗ ನೀಲಾ ಚಹಾ ಕುಡಿಯುತ್ತಿದ್ದಳು. ಬಟ್ಟಲು ಕೈಯಲ್ಲೇ ಉಳಿಯಿತು. ಕಾಂಡದ ನಟ್ಟನಡುವೆ ಒಂದು ಕೋಣೆಯಷ್ಟು ದೊಡ್ಡ ಕಪ್ಪು. ಗಟ್ಟಿಯಂಕ ಇಪ್ಪತ್ತೆರಡು.

ಫಲಕಗಳನ್ನು ನಿಲ್ಲಿಸುವ ಇಂಜಿನಿಯರ್ ಜಾವೇದ ಇನಾಮದಾರ ವಿಜಯಪುರದವನೇ. ಮೊದಲ ದಿನದಿಂದ ಅವಳ ಜೊತೆಗಿದ್ದವನು, ಎಂಥ ಹೊತ್ತಿನಲ್ಲೂ ಚೇಷ್ಟೆ ಬಿಡದವನು. ಅವನೂ ಈಗ ಮೆಲ್ಲಗೆ ಕೇಳಿದ, "ಮೇಡಂ, ಇನ್ನೊಮ್ಮಿ ಲೆಕ್ಕ ಹಾಕೂಣೇನ್ರಿ?"

"ಮೂರು ಸಲ ಹಾಕ್ಸೀನಿ ಜಾವೇದ. ಅಷ್ಟs ಬರ್ತೈತಿ."

ಮಧ್ಯಾಹ್ನ ಮಂಡಳಿಯ ಅಧ್ಯಕ್ಷ ದಿವಾಕರ ಮೊಗೇರರು ಪರದೆಯ ಮೇಲೆ ಬಂದರು. ಕುಂದಾಪುರ ಕಡೆಯವರು, ಮಿತಮಾತಿನ ಮನುಷ್ಯ, ಕೆಟ್ಟವರಲ್ಲ. "ನೀಲಾ, ನಿಮ್ಮೂರಿನದು ಅಂತ ಗೊತ್ತುಂಟು ನನಗೆ. ಆದರೆ ಅದರ ಕೆಳಗೆ ಸಂತೆ ಕೂಡ್ತದೆ, ಸುತ್ತ ಮನೆಗಳಿವೆ. ನಾಳೆ ಗಾಳಿಗೆ ಬಿದ್ದರೆ ಸತ್ತವರ ಮನೆಯವರಿಗೆ ನಾನು ಏನು ಹೇಳಲಿ? ಅಳೆದವಳ ಊರು ಅಂತ ಬಿಟ್ಟೆವು ಅನ್ನಲಾ?"

ನೀಲಾ ಹೇಳಿದಳು, "ಸಹಿ ಹಾಕ್ತೀನಿ ಸರ್. ಆದರೆ ಊರಿಗೆ ನಾನೇ ಹೋಗಿ ಹೇಳಿ ಬರ್ತೀನಿ. ಅಲ್ಲಿವರೆಗೂ ತಡೀರಿ."

"ಹೋಗಿ ಬನ್ನಿ. ಆದರೆ ಗಾಳಿ ನಮಗಾಗಿ ತಡೆಯೂದಿಲ್ಲ," ಅಂದರು ಮೊಗೇರರು.

ನೀಲಾಳ ಅಕ್ಕ ದಾನಮ್ಮನ ಖಾನಾವಳಿ ಇರುವುದು ಆ ಮರದ ಎದುರಿಗೇ. ಬೇಸಿಗೆಯಾದ್ದರಿಂದ ಮರ ಎಲೆ ಉದುರಿಸಿ ಬೋಳಾಗಿತ್ತು. ಆದರೂ ಟೊಂಗೆಗಳ ನೆರಳು ಖಾನಾವಳಿಯ ಹಂಚಿನ ಮಾಡಿನ ಮೇಲೆ ಬಿದ್ದಿತ್ತು. ಒಳಗೆ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನೆರಳು ಕಂಡದ್ದೇ, ತಲೆಯೆತ್ತದೆ, ಬಂದ ಗಿರಾಕಿಯನ್ನು ಕೇಳುವ ಹಾಗೆ ಕೇಳಿದಳು:

"ಎಷ್ಟು ಮಂದಿ ಅದೀರಿ?"

"ಒಬ್ಬಾಕಿ ಅದೀನಿ ಅಕ್ಕಾ."

"ಯವ್ವಾ, ನೀಲಿ!" ದಾನಮ್ಮ ಹಿಟ್ಟಿನ ಕೈಯಲ್ಲೇ ಎದ್ದಳು. "ಒಂದು ಫೋನಿಲ್ಲ, ಸುದ್ದಿಲ್ಲ! ಮಾರಿ ಯಾಕ ಹಂಗ ಬಾಡೇತಿ? ಮೊದಲ ಉಣ್ಣು, ಆಮ್ಯಾಲ ಮಾತು."

ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ನೀಲಾ ತಟ್ಟೆ ಸರಿಸಿ ಹೇಳಿಬಿಟ್ಟಳು. ಒಳಗೆ ಪೂರಾ ಟೊಳ್ಳು, ಮಳೆಗಾಲಕ್ಕೆ ಮೊದಲು ಕಡಿಯಬೇಕು, ಸಹಿ ತನ್ನದೇ.

ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದಿತು. ದಾನಮ್ಮ ಅದನ್ನು ತೆಗೆಯಲೂ ಇಲ್ಲ.

"ಟೊಳ್ಳಂತ? ಇಡೀ ಊರಿಗೆ ನೆರಳು ಕೊಟ್ಟವರು ಟೊಳ್ಳಂತ? ನಿನ್ನ ಮಿಷಿನ್ನs ಟೊಳ್ಳು!"

"ಅಕ್ಕಾ, ಅದು ಈ ತನಕ ಒಂದ್ ಸಲಾನೂ ತಪ್ಪಿಲ್ಲ. ನಾಳೆ ಗಾಳಿ ಬಿಟ್ಟು ನಿನ್ನ ಮ್ಯಾಲ ಬಿದ್ರ ನಾ ಏನ್ ಮಾಡ್ಲಿ? ಮಾರಿ ಯಾರಿಗೆ ತೋರಸ್ಲಿ?"

ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟು ಬಂದಷ್ಟೇ ಬೇಗ ಇಳಿಯುವ ಜೀವ ಅದು. ತಂಗಿಯ ಮೇಲೆ ಅವಳಿಗೆ ಎಂಥ ಹೆಮ್ಮೆ ಅಂದರೆ, ಖಾನಾವಳಿಯ ಗೋಡೆಯ ಮೇಲೆ ದೇವರ ಪಟದ ಪಕ್ಕಕ್ಕೇ ಕಾಂಡದರ್ಶಿಯ ಪಟ ನೇತುಹಾಕಿದ್ದಳು, ಎರಡಕ್ಕೂ ಊದುಬತ್ತಿ ಬೆಳಗುತ್ತಿದ್ದಳು. "ನಿನ್ನ ಲೆಕ್ಕದ ಮುಂದ ನನ್ನ ಮಾತೇನೈತಿ ತಂಗೆವ್ವಾ. ನೀ ಅಂದಿ ಅಂದ್ರ ಖರೇನs ಇರಬೇಕು. ಆದ್ರ ಒಂದು ಮಾತು ನಡಸಿಕೊಡು. ಅವರನ್ನ ಹೇಳದs ಕೇಳದs ಕಡೀಬ್ಯಾಡ್ರಿ. ಹೋಗು, ಅವರ ಮುಂದ ನಿಂತು, ಹಿಂಗಿಂಗ ಐತಿ ನಮ್ಮವ್ವನಂಥವರೇ, ತಪ್ಪಾತು ಅಂತ ಹೇಳಿ ಬಾ."

ನೀಲಾ ಮರದ ಕಡೆ ಹೋದಳು. ದಾನಮ್ಮನೂ ಹಿಂದೆಯೇ ಬಂದಳು. ಸುದ್ದಿ ಆಗಲೇ ಹೊರಗೆ ಸೋರಿತ್ತು. ಕಟ್ಟೆಯ ಮೇಲೆ ಕೂತವರು ಎದ್ದು ದಾರಿ ಬಿಟ್ಟರು. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ತಮ್ಮೂರ ಮಗಳು ಹೇಳಿದ್ದಾಳೆ ಅಂತ ಅವರು ಒಪ್ಪಿಕೊಂಡುಬಿಟ್ಟಿದ್ದರು, ಅದು ಹೆಚ್ಚು ಚುಚ್ಚಿತು.

ಬೂದುಬಣ್ಣದ ನುಣುಪು ತೊಗಟೆಯ ಮೇಲೆ ಅಂಗೈ ಇಟ್ಟಳು. ಹೇಳಬೇಕೆಂದು ಬಾಯಿ ತೆಗೆಯುವಷ್ಟರಲ್ಲಿ ದಾನಮ್ಮನೇ ಹೇಳಿದಳು, "ಸಿಟ್ಟಾಗಬ್ಯಾಡ್ರೀ. ಈಕಿ ನಿಮ್ಮ ಮಡಿಲಾಗ ಆಡಿದಾಕಿ. ನಿಮಗ ಕೆಟ್ಟ ಬಯಸಾಕಿ ಅಲ್ಲ. ನೀವs ಹೊಟ್ಟ್ಯಾಗ ಹಾಕ್ಕೊಳ್ರಿ."

ಹೀಗೆ ಹೇಳಿ ದಾನಮ್ಮ ಮಗ್ಗುಲಲ್ಲೇ ಇದ್ದ ದ್ಯಾಮವ್ವನ ಗುಡಿಯತ್ತ ತಿರುಗಿದಳು. "ತಾಯಿ, ನೀನರ ಏನರ ದಾರಿ ತೋರಸು. ನೋಡ್ಕೋತ ಕುಂದರಬ್ಯಾಡ."

ನೀಲಾಳ ಕಿವಿಗೆ ಏನೋ ತಟ್ಟಿತು. ಹುಟ್ಟಿದಾಗಿನಿಂದ ಕೇಳಿದ ಮಾತೇ. ಆದರೆ ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮನೆಯ ಮಾತೂ ಹಾಗೆ. ಅದು ಕಿವಿಯ ಮೇಲೆ ಬೀಳುತ್ತದೆ, ಒಳಗಿಳಿಯುವುದಿಲ್ಲ.

"ಅಕ್ಕಾ, ದ್ಯಾಮವ್ವಗ ನೀ 'ನೀನು' ಅಂದಿ."

"ಮತ್ತೇನಂತಾರ? ದೇವರಿಗೆ ನೀವು ಅಂತಾರೇನ? ನೀ ಅಂದ್ರನs ದೇವರು."

"ಮರಕ್ಕ 'ನೀವು' ಅಂದಿ. ಮನ್ಯಾಗೂ ಬರೇ 'ಅವರು' ಅಂದಿ."

"ಊರೆಲ್ಲಾ ಹಂಗs ಅಂತೈತಿ. ನೀನೂ ಸಣ್ಣಾಕಿದ್ದಾಗ ಹಂಗs ಅಂತಿದ್ದಿ. ಇಂಗ್ಲೀಷ್ ಕಲ್ತು 'ಅದು' ಅನ್ನಾಕ ಹತ್ತಿ."

"ಮರ್ಯಾದಿಗೆ ಅಂತಾರ ಅನ್ಕೊಂಡಿದ್ನಲ್ಲ ನಾ. ಆದ್ರ ದೇವರಿಗಿಲ್ಲದ ಮರ್ಯಾದಿ ಮರಕ್ಕ ಯಾಕ?"

ದಾನಮ್ಮನಿಗೆ ತಂಗಿಯ ತಲೆ ಕೆಟ್ಟಿತೇನೋ ಅನಿಸಿತು. "ಅಯ್ಯs ಇವಳs! ಮರ್ಯಾದಿ ಎಲ್ಲಿಂದ ಬಂತು? ದ್ಯಾಮವ್ವ ಒಬ್ಬಾಕಿ. ಅಕ್ಕತಂಗೇರು ಒಬ್ಬರೇನ? ಒಬ್ಬಾಕಿಗೆ ಯಾರರ ಅಕ್ಕತಂಗೇರು ಅಂತಾರೇನ?"

ನೀಲಾ ಅಕ್ಕನ ರಟ್ಟೆ ಹಿಡಿದಳು. "ಎಷ್ಟು ಮಂದಿ ಅಕ್ಕಾ?"

"ಯಾರಿಗ್ಗೊತ್ತು! ನಾ ಏನ್ ಎಣಿಸೀನಿ?"

ಕನ್ನಡದ ಈ ಚೇಷ್ಟೆ ನೋಡಿ. ಒಬ್ಬರಿಗೆ ಗೌರವ ಕೊಟ್ಟರೂ 'ಅವರು', ಹತ್ತು ಮಂದಿ ಇದ್ದರೂ 'ಅವರು'. ಮೈಮುರಿದು ಓದಿದ ನೀಲಾ ಅದನ್ನು ಗೌರವ ಅಂದುಕೊಂಡಿದ್ದಳು. ಗೌರವ ಅಲ್ಲ, ಅದು ಲೆಕ್ಕ! ಜೋಕಾಲಿಯಿಂದ ಬಂದ ಹೆಸರೂ ಅಲ್ಲ. ಯಾವ ಕಾಲದಲ್ಲೋ ಯಾರೋ ಕಣ್ಣಾರೆ ಕಂಡವರು, ಬೇರೆ ಬೇರೆ ನಿಂತ ಸಸಿಗಳನ್ನು ನೋಡಿ ಹೆಸರಿಟ್ಟಿದ್ದರು. ಸಸಿಗಳು ಬೆಳೆದು ಒಂದಕ್ಕೊಂದು ಅಂಟಿದವು. ನೋಡಿದವರು ಸತ್ತರು, ನೆನಪು ಸತ್ತಿತು. ವ್ಯಾಕರಣ ಮಾತ್ರ ಉಳಿಯಿತು.

ಅವಳು ಉಣ್ಣದೇ ಧಾರವಾಡಕ್ಕೆ ಓಡಿದಳು. ದಾನಮ್ಮ ರೊಟ್ಟಿ ಕಟ್ಟಿ ಕೈಗೆ ಕೊಟ್ಟದ್ದಷ್ಟೇ.

ಪ್ರಯೋಗಾಲಯದಲ್ಲಿ ಜಾವೇದನನ್ನು ಎದುರು ಕೂರಿಸಿಕೊಂಡು ಕೇಳಿದಳು. "ಕಾಂಡದರ್ಶಿ ಲೆಕ್ಕ ಶುರು ಮಾಡೋವಾಗ ಮರದೊಳಗ ಕಾಂಡ ಎಷ್ಟು ಅಂತ ತಿಳೀತೈತಿ?"

"ಒಂದು ರೀ. ನೀವs ಬರದೀರಿ ಅಲ್ಲ. ಮರ ಅಂದ್ರ ಒಂದು ಕಾಂಡ, ಒಂದು ತಿರುಳು, ಸುತ್ತ ಬಳೆ ಬಳೆ."

"ಅದನ್ನ ತಗದು ಹಾಕು. ಒಂದು ಅಂತ ನಾವು ಹೇಳೂದು ಬ್ಯಾಡ. ಎಷ್ಟು ಅಂತ ಅದನ್ನs ಕೇಳು."

ಹೊಸ ಕಣ ಒಂದನ್ನೂ ಎಣಿಸಲಿಲ್ಲ. ಅದೇ ಲೆಕ್ಕ, ಅದೇ ಮರ. ಪ್ರಶ್ನೆಯೊಂದೇ ಬದಲಾಯಿತು. ಮರುದಿನ ಬೆಳಿಗ್ಗೆ ಪರದೆಯ ಮೇಲೆ ಬಂದ ಚಿತ್ರ ನೋಡಿ ಜಾವೇದ ಕುರ್ಚಿಯಿಂದ ಎದ್ದು ನಿಂತ. ಕಪ್ಪು ಕೋಣೆ ಅಲ್ಲೇ ಇತ್ತು. ಆದರೆ ಅದರ ಸುತ್ತ ಕೂದಲೆಳೆಯಂಥ ಗೆರೆಗಳು ಮೂಡಿದ್ದವು, ಅಂಟಿಕೊಂಡ ತೊಗಟೆಯ ಬೆಸುಗೆಗಳು. ಮೊದಲಿನ ಲೆಕ್ಕ ಅವನ್ನು ಬರೀ ಗದ್ದಲ, ಅರ್ಥವಿಲ್ಲದ ಚುಕ್ಕೆ ಅಂತ ಅಳಿಸಿಹಾಕಿತ್ತು. ಗೆರೆಗಳ ನಡುವೆ ಆರು ತಿರುಳು, ಆರು ಮರ, ದುಂಡಗೆ ಸುತ್ತುಗಟ್ಟಿ ನಿಂತಿದ್ದವು. ಒಂದೊಂದರ ಗಟ್ಟಿಯಂಕವೂ ಎಂಬತ್ತರ ಮೇಲೆ.

"ಯಾ ಅಲ್ಲಾ!" ಅಂದ ಜಾವೇದ. "ನಡುವಿಂದು ಕೊಳೆತಿದ್ದಲ್ಲ ರೀ. ಅಲ್ಲಿ ಕಟ್ಟಿಗೀನs ಇರಲಿಲ್ಲ!"

ನೀಲಾಳ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಆ ನೀರು ಆರಿಹೋಯಿತು. "ಜಾವೇದ, ನಾವು ಕಡಿಸಿದ ಮರಗಳ ಲೆಕ್ಕಾ ಎಲ್ಲಾ ತಗಿ. ಒಂದೂ ಬಿಡಬ್ಯಾಡ."

ಬೇಡ ಅನ್ನುವ ಹಾಗೆ ನೋಡಿದ ಜಾವೇದ, ಆದರೂ ತೆಗೆದ. ಬೇವು, ತೇಗ, ಮಾವು, ಎಲ್ಲವೂ ನಿಜಕ್ಕೂ ಒಂಟಿ ಕಾಂಡ, ನಿಜಕ್ಕೂ ಕೊಳೆತ ತಿರುಳು. ಕೊನೆಯಲ್ಲಿ ದೂರದ ರಾಜ್ಯದ ಒಂದು ಆನೆಹುಣಸೆ. ಹಿಂದಿನ ವರ್ಷ ಕಡಿಸಿದ್ದು. ಅದರಲ್ಲಿ ಮೂರು ತಿರುಳು ಕಂಡವು.

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಜಾವೇದ ಬಾಗಿಲು ಮುಂದೆ ಮಾಡಿ ಹೊರಗೆ ನಿಂತ.

ಮೊಗೇರರಿಗೆ ಚಿತ್ರ ತೋರಿಸಿದಾಗ ಅವರು ಬಹಳ ಹೊತ್ತು ನೋಡಿದರು. "ನಡುವೆ ಅಂಗಳ ಇರೋ ಮನೇನ ಕುಸಿದ ಮನೆ ಅಂತಾರಾ ಸರ್?" ಅಂದಳು ನೀಲಾ. "ಇದು ಆರು ಮರದ ಮನೆ. ನಡುವೆ ಇರೋದು ಅಂಗಳ."

"ಚಂದ ಹೇಳಿದಿರಿ. ಆದರೆ ಕೇಳಿದವರು ಏನಂತಾರೆ? ಊರಿನ ಮರ ಉಳಿಸ್ಲಿಕ್ಕೆ ಯಂತ್ರದ ಕಿವಿ ಹಿಂಡಿದಳು ಅಂತಾರೆ."

"ಅನ್ನಲಿ. ಇದನ್ನೂ ತೋರಿಸಿ ಅವರಿಗೆ." ಮೂರು ತಿರುಳಿನ ಚಿತ್ರ ಪರದೆಗೆ ತಂದಳು. "ಈ ಮರ ಕಡಿಸಿದವಳು ನಾನು. ಗಟ್ಟಿಮುಟ್ಟಾಗಿತ್ತು. ಈ ತಪ್ಪನ್ನು ನಾನೇ ಎಲ್ಲರಿಗೂ ಹೇಳ್ತೀನಿ. ಇದನ್ನು ಒಪ್ಪಿಕೊಂಡರೆ ಸುರಗಿಹಾಳದ್ದನ್ನೂ ಒಪ್ಪಬೇಕು ಸರ್, ಎರಡಕ್ಕೂ ಲೆಕ್ಕ ಒಂದೇ."

ಮೊಗೇರರು ಕನ್ನಡಕ ತೆಗೆದರು. ಆ ಮರದ ಆದೇಶದ ಮೇಲೆ ಅವರ ಸಹಿಯೂ ಇತ್ತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನನ್ನ ಅಜ್ಜಿ ಹೇಳ್ತಿದ್ದರು. ಹೇಗೆ ಪ್ರಮಾಣಿಸೂದು?"

"ಮರದ ಮೇಲೆ, ಟೊಂಗೆ ಒಡೆಯೋ ಕಡೆ ಒಂದು ಸಂದಿ ಇದೆ. ಅದರಿಂದ ಒಳಗಿಳೀತೀನಿ. ಕೊಳೆತ ಟೊಳ್ಳಾಗಿದ್ದರೆ ಒಳಗೋಡೆ ಪುಡಿಪುಡಿ ಕಟ್ಟಿಗೆ ಇರುತ್ತೆ. ಬೇರೆ ಬೇರೆ ಮರಗಳು ಸುತ್ತ ನಿಂತಿದ್ದರೆ ಒಳಗೂ ತೊಗಟೆ ಇರಬೇಕು, ಹೊರಗಿನ ಹಾಗೇ. ಮೈಯಿದ್ದಲ್ಲಿ ಚರ್ಮ ಇರಲೇಬೇಕು. ತೊಗಟೆ ಸಿಗದಿದ್ದರೆ ಗರಗಸದವರಿಗೆ ಮೊದಲ ಗುರುತು ನಾನೇ ಹಾಕಿಕೊಡ್ತೀನಿ."

"ಕ್ಯಾಮೆರಾ ಇಳಿಸಿದರೆ ಸಾಲದಾ?"

"ಈ ಸಲ ಯಂತ್ರದ ಮಾತು ಸಾಲದು ಸರ್. ಕೈಯಿಂದ ಮುಟ್ಟಬೇಕು."

ಅವಳು ಮರದೊಳಗೆ ಇಳಿಯುವ ದಿನ ಸುರಗಿಹಾಳದಲ್ಲಿ ಹೊಲಕ್ಕೆ ಹೋದವರಿಲ್ಲ. ಮೊಗೇರರು ಬಂದರು, ಅವರ ಹಿಂದೆ ಗರಗಸದವರ ಲಾರಿಯೂ ಬಂದು ಊರ ಬಾಗಿಲಲ್ಲಿ ನಿಂತಿತು. ನೀಲಾಳ ಶಿರಸ್ತ್ರಾಣದ ಕ್ಯಾಮೆರಾ ಕಂಡದ್ದೆಲ್ಲ ಊರಿಗೂ ಕಾಣಲಿ ಅಂತ ಜಾವೇದ ಖಾನಾವಳಿಯ ಗೋಡೆಗೆ ಬಿಳಿ ಧೋತರ ಕಟ್ಟಿ ಅದರ ಮೇಲೆ ಚಿತ್ರ ಬಿಟ್ಟಿದ್ದ.

"ಐವತ್ತು ಸಮೀಪ ಬಂತು, ಈ ವಯಸ್ಸಿನಾಗ ಮಂಗ್ಯಾನಂಗ ಗಿಡ ಹತ್ತೂದ್ ಬ್ಯಾಡ ಅಂದ್ರ ಕೇಳವಲ್ಲಿ," ಅಂತ ಬೈಯುತ್ತಲೇ ದಾನಮ್ಮ ತಂಗಿಯ ಸೊಂಟದ ಹಗ್ಗ ಮೂರು ಸಲ ಜಗ್ಗಿ ನೋಡಿದಳು. ಜಾವೇದ ಕಟ್ಟಿದ ಗಂಟಿನ ಮೇಲೆ ತನ್ನದೂ ಒಂದು ಗಂಟು ಹಾಕಿದಳು.

ನೀಲಾ ಹತ್ತಿದಳು. ಮೇಲಿನ ಸಂದಿಯಲ್ಲಿ ಮೈ ತುರುಕಿ ಒಳಗಿಳಿದಳು. ಧೋತರದ ಮೇಲೆ ಕತ್ತಲೆ, ಬಳಿಕ ದೀಪದ ದುಂಡು ಬೆಳಕು. ಕಾಲು ನೆಲಕ್ಕೆ ತಾಗಿತು. ಅವಳ ಕೈ ಗೋಡೆಯತ್ತ ಚಾಚಿದ್ದು ಎಲ್ಲರಿಗೂ ಕಂಡಿತು. ಮುಟ್ಟಿದ್ದೇ ತಡ, ಬೊಗಸೆ ತುಂಬ ಕಪ್ಪು ಪುಡಿ ಕಳಚಿ ಬಿತ್ತು.

ಹೊರಗೆ ಮೊಗೇರರು ತಲೆ ತಗ್ಗಿಸಿದರು. ದಾನಮ್ಮ ಹಗ್ಗವನ್ನು ಎದೆಗವಚಿಕೊಂಡಳು.

ಒಳಗೆ ನೀಲಾ ಮುಗಿಯಿತು ಅಂದುಕೊಂಡಳು. ಆ ಪುಡಿಯನ್ನು ಮೂಗಿಗೆ ಹಿಡಿದಳು. ಕೊಳೆತ ಕಟ್ಟಿಗೆಯ ವಾಸನೆ ಅಲ್ಲ ಅದು. ಘಾಟು. ಬಾವಲಿಯ ಹಿಕ್ಕೆ! ಎಷ್ಟು ತಲೆಮಾರಿನ ಬಾವಲಿಗಳೋ ಏನೋ, ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದ್ದವು. ಎರಡೂ ಕೈಯಿಂದ ಗಸಗಸನೆ ಒರೆಸಿದಳು. ಹಿಂದೆ ನುಣುಪಾಗಿ, ತಣ್ಣಗೆ, ಬೂದುಬಣ್ಣದಲ್ಲಿ ತೊಗಟೆ. ಹೊರಗಿನಂಥದ್ದೇ ತೊಗಟೆ. ಉಗುರಿನಿಂದ ಕೆರೆದರೆ ಹಸಿ ಹಸಿ, ಬೆರಳಿಗೆ ನೀರು ಅಂಟಿತು.

"ತೊಗಟಿ ಐತಿ!" ಅಂತ ಕೂಗಿದಳು.

ಆ ಕೂಗು ಒಳಗೇ ಸುತ್ತಿ ಮೇಲಿನ ಸಂದಿಯಿಂದ ಹೊರಬಂದಾಗ ಅವಳ ದನಿಯ ಹಾಗೆ ಇರಲಿಲ್ಲ. ಮರವೇ ಬಾಯಿ ಬಿಟ್ಟ ಹಾಗಿತ್ತು. ದಾನಮ್ಮ ಕಾಂಡಕ್ಕೆ ಬಾಯಿ ಹಚ್ಚಿ, ಖಾನಾವಳಿಯ ಗದ್ದಲದಲ್ಲಿ ಕೂಗುವ ದನಿಯಲ್ಲೇ ಕೂಗಿದಳು:

"ಎಷ್ಟು ಮಂದಿ ಅದಾರs?"

ನೀಲಾ ಕೈಯಾಡಿಸುತ್ತ ಸುತ್ತ ನಡೆದಳು. ಒಂದು ಮರದ ಉಬ್ಬು, ಒಂದು ಬೆಸುಗೆ. ಮತ್ತೊಂದು ಉಬ್ಬು, ಮತ್ತೊಂದು ಬೆಸುಗೆ. ಆರು ಮುಗಿದು ಮೊದಲಿನದು ಸಿಗಬೇಕಾದ ಕಡೆ ಅವಳ ಕೈ ತಡೆಯಿತು. ಎರಡು ದೊಡ್ಡ ಮರಗಳ ನಡುವೆ, ಅವಳ ಸೊಂಟದಷ್ಟೇ ದಪ್ಪದ ಇನ್ನೊಂದಿತ್ತು. ಹೊರಗಿನಿಂದ ಅದು ಯಾರಿಗೂ ಕಾಣುತ್ತಿರಲಿಲ್ಲ. ಕಾಂಡದರ್ಶಿಗೂ ಕಂಡಿರಲಿಲ್ಲ. ಅಕ್ಕಪಕ್ಕದವು ಅದನ್ನು ಬಗಲಲ್ಲಿ ಅವುಚಿಕೊಂಡು, ಬಿಸಿಲಿಗೆ ಒಂದು ಟೊಂಗೆ ಮಾತ್ರ ಚಾಚಲು ಬಿಟ್ಟು, ಇಷ್ಟು ಕಾಲ ಎತ್ತಿ ಹಿಡಿದಿದ್ದವು.

"ಏಳು!" ನೀಲಾ ಒಳಗಿನಿಂದ ಕೂಗಿದಳು. "ಏಳು ಮಂದಿ ಅದಾರ ಅಕ್ಕಾ! ಸಣ್ಣಾಕಿ ಒಬ್ಬಾಕಿ ನಡುವ ಅದಾಳ. ಎಲ್ಲಾರೂ ಗಟ್ಟಿ ಅದಾರ!"

ಊರು ಬೊಬ್ಬೆಯಿಟ್ಟಿತು. ಹಲಗೆ ತಂದವರು ಯಾರೋ, ಬಡಿದವರು ಯಾರೋ. ದಾನಮ್ಮ ಮಾತ್ರ ಹಗ್ಗ ಬಿಡದೆ, ಅಳುತ್ತ, ನಗುತ್ತ, ಪಕ್ಕದವರಿಗೆಲ್ಲ ಹೇಳುತ್ತಿದ್ದಳು, "ಒಳಗಿರಾಕಿ ನನ್ನ ತಂಗಿ ರೀ. ನನ್ನ ತಂಗಿ."

ಗಲಾಟೆ ತಣ್ಣಗಾದ ಮೇಲೆ ಮೊಗೇರರು ಕಾಂಡದ ಬಳಿ ಬಂದರು. ಮೆಲ್ಲನೆ ಅಂಗೈ ಇಟ್ಟರು. "ಇದು ಗಟ್ಟಿ ಉಂಟು. ಇದನ್ನು ಯಾರೂ ಮುಟ್ಟೂದಿಲ್ಲ."

"ಇದು ಅಲ್ರೀ ಸಾಹೇಬ್ರ," ಅಂದಳು ದಾನಮ್ಮ. "ಇವರು."

ಮೊಗೇರರು ನಕ್ಕರು. "ಹೌದು ಮಾರಾಯ್ತಿ. ಇವರು ಗಟ್ಟಿ ಇದ್ದಾರೆ. ಇವರನ್ನು ಯಾರೂ ಮುಟ್ಟೂದಿಲ್ಲ." ಊರ ಬಾಗಿಲ ಲಾರಿಗೆ ಕೈಸನ್ನೆ ಮಾಡಿದರು. ಅದು ತಿರುಗಿ ಹೋಗುವ ಮೊದಲು ಗರಗಸದವರೆಲ್ಲ ಇಳಿದು ದಾನಮ್ಮನಲ್ಲಿ ಉಂಡೇ ಹೋದರು.

ಮುಂಗಾರಿನ ಬಿರುಗಾಳಿ ಆ ವರ್ಷವೂ ಬಂತು. ತಗಡುಗಳನ್ನು ಹಾರಿಸಿತು, ಕಂಬಗಳನ್ನು ಮಲಗಿಸಿತು. ಅಕ್ಕತಂಗೇರು ಕೈಗೆ ಕೈ ಕೊಟ್ಟು ನಿಂತೇ ಇದ್ದರು, ಮಳೆ ಕುಡಿದು ಇನ್ನಷ್ಟು ಉಬ್ಬಿದರು. ಆ ಪಂಚಮಿಗೆ ಊರವರು ಅಳೆದಾಗ ಒಂಬತ್ತು ಮಾರು ಸಾಲಲಿಲ್ಲ. ಹತ್ತನೆಯವಳಾಗಿ ನೀಲಾಳೇ ಕೈ ಕೊಡಬೇಕಾಯಿತು. ಪಂಚಮಿಯ ಮೇಲೆ ಅವಳು ಮೂರು ತಿರುಳಿನ ಮರ ಕಳೆದುಕೊಂಡ ದೂರದ ಊರಿಗೂ ಹೋದಳು. ಅಲ್ಲಿಯವರ ಮುಂದೆ ನಿಂತು ತಪ್ಪು ಹೇಳಿಕೊಂಡಳು, ಸುರಗಿಹಾಳದ ಬೀಜ ಕೊಟ್ಟು ಬಂದಳು. ಅವರು ಬೈದರು. ಬೀಜವನ್ನು ಮಾತ್ರ ತೆಗೆದುಕೊಂಡರು.

ಕಾಂಡದರ್ಶಿಯನ್ನು ಈಗ ಆಫ್ರಿಕದ ಬಯಲುಗಳಲ್ಲೂ ಬಳಸುತ್ತಾರೆ, ಸಾವಿರ ವರ್ಷ ದಾಟಿದ ಬಾವೊಬಾಬುಗಳ ಸುತ್ತ ಅದರ ಫಲಕಗಳು ನಿಲ್ಲುತ್ತವೆ. ಯಂತ್ರ ಚಾಲೂ ಮಾಡಿದ ಕೂಡಲೇ, ಬೇರೆ ಯಾವ ಭಾಷೆಯ ಅಕ್ಷರವೂ ಬರುವ ಮೊದಲು, ಪರದೆಯ ಮೇಲೆ ಕನ್ನಡದ ಒಂದು ಸಾಲು ಮೂಡುತ್ತದೆ. ಅದು ಜಾವೇದನ ಕಿತಾಪತಿ. ತೆಗೆಯಿರಿ ಅಂತ ಮಂಡಳಿಗೆ ಯಾರೋ ಬರೆದರಂತೆ, ಮೊಗೇರರು ಬಿಡಲಿಲ್ಲ. ಅಲ್ಲಿಯ ವಿಜ್ಞಾನಿಗಳು ಅದನ್ನು ತಪ್ಪುತಪ್ಪಾಗಿಯಾದರೂ ಬಾಯಿಪಾಠ ಮಾಡಿದ್ದಾರೆ. ಮರದ ಮುಂದೆ ನಿಂತು, ಅಳತೆಗೆ ಕೈ ಹಾಕುವ ಮುನ್ನ, ದಾನಮ್ಮ ಬಾಗಿಲಿಗೆ ಬಂದವರನ್ನು ಕೇಳುವ ಹಾಗೆಯೇ ಕೇಳುತ್ತಾರೆ:

"ಎಷ್ಟು ಮಂದಿ ಅದೀರಿ?"